ನಡುರಾತ್ರಿಯ ನೀರು: ಟೆಸ್‌ಳ ಮಗು ಮತ್ತು ದೀಕ್ಷಾಸ್ನಾನದ ಪ್ರಶ್ನೆ

1891ರ ಜುಲೈನಿಂದ ಡಿಸೆಂಬರ್‌ವರೆಗೆ ಲಂಡನ್ನಿನ 'ದಿ ಗ್ರಾಫಿಕ್' ವಾರಪತ್ರಿಕೆಯಲ್ಲಿ ಥಾಮಸ್ ಹಾರ್ಡಿಯ 'ಟೆಸ್ ಆಫ್ ದ ಡರ್ಬರ್ವಿಲ್ಸ್' ಧಾರಾವಾಹಿಯಾಗಿ ಬಂತು. ಅದನ್ನು ವಾರ ವಾರ ಓದಿದವರಿಗೆ ಟೆಸ್‌ಗೆ ಒಂದು ಮಗು ಹುಟ್ಟಿ ಸತ್ತಿತ್ತು ಎಂಬ ವಿಷಯವೇ ಗೊತ್ತಾಗಲಿಲ್ಲ. ಮದುವೆಯಿಲ್ಲದೆ ಹುಟ್ಟಿದ ಮಗು ಕುಟುಂಬಸ್ಥರು ಓದುವ ಪತ್ರಿಕೆಗೆ ಒಗ್ಗುವುದಿಲ್ಲವೆಂದು ಹಾರ್ಡಿ ಅದನ್ನು ತೆಗೆದುಬಿಟ್ಟಿದ್ದ. ಅದರ ಜಾಗದಲ್ಲಿ ಒಂದು ಸುಳ್ಳು ಮದುವೆಯ ಕಥೆ ಹೊಲಿದಿದ್ದ. ತೆಗೆದ ಅಧ್ಯಾಯವನ್ನು ಮಾತ್ರ ಎಸೆಯಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಅಂದರೆ ಧಾರಾವಾಹಿ ಶುರುವಾಗುವ ಮೊದಲೇ, ಅದು 'ಫೋರ್ಟ್‌ನೈಟ್ಲಿ ರಿವ್ಯೂ'ನಲ್ಲಿ ಬಿಡಿ ಬರಹವಾಗಿ ಅಚ್ಚಾಗಿತ್ತು. ಶೀರ್ಷಿಕೆ: ನಡುರಾತ್ರಿಯ ದೀಕ್ಷಾಸ್ನಾನ. ಅದರ ಕೆಳಗೆ, ಇದು ಕ್ರೈಸ್ತಧರ್ಮದ ಒಂದು ಅಧ್ಯಯನ ಎಂಬ ಉಪಶೀರ್ಷಿಕೆ.

ಕಾದಂಬರಿ ಪುಸ್ತಕವಾದಾಗ ಆ ಭಾಗ ಹದಿನಾಲ್ಕನೆಯ ಅಧ್ಯಾಯವಾಗಿ ತನ್ನ ಜಾಗಕ್ಕೆ ಮರಳಿತು. ನಮ್ಮ ಕಡೆ ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಈ ಅಧ್ಯಾಯ ನೆನಪಿರುತ್ತದೆ. ಆದರೆ ನೆನಪಿರುವುದು ಹೆಚ್ಚಾಗಿ ಒಂದೇ ವಾಕ್ಯದ ಸಾರಾಂಶವಾಗಿ: ಹಾರ್ಡಿ ಇಲ್ಲಿ ಚರ್ಚಿನ ಕ್ರೌರ್ಯವನ್ನು ವಿಡಂಬಿಸಿದ್ದಾನೆ. ವಿಡಂಬನೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಉಪಶೀರ್ಷಿಕೆಯಲ್ಲಿ ಹಾರ್ಡಿ 'ಅಧ್ಯಯನ' ಎಂದದ್ದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ನೀರು ಬೀಳದೆ ಸತ್ತ ಮಗುವಿಗೆ ಗತಿ ಇದೆಯೇ ಎಂಬ ಪ್ರಶ್ನೆ ಕ್ರೈಸ್ತ ಜಗತ್ತನ್ನು ಎರಡು ಸಾವಿರ ವರ್ಷ ಕಾಡಿದೆ. ಆ ಪ್ರಶ್ನೆಯ ಒಳಗೆ ಇರುವ ಒಂದು ವಿಚಿತ್ರ ತರ್ಕವನ್ನು ಈ ಅಧ್ಯಾಯ, ಬಹುಶಃ ಹಾರ್ಡಿಗೇ ಪೂರ್ತಿ ಅರಿವಿಲ್ಲದಂತೆ, ಹೊರಗೆಳೆದಿದೆ ಎಂದು ನನಗನ್ನಿಸುತ್ತದೆ.

ಮೊದಲು ಕಥೆ. ಟೆಸ್ ಮಾರ್ಲಟ್ ಹಳ್ಳಿಯ ಬಡ ಹುಡುಗಿ. ಅಲೆಕ್‌ನಿಂದ ಕೆಟ್ಟು ತವರಿಗೆ ಮರಳಿ ಮಗು ಹಡೆದಿದ್ದಾಳೆ. ಮಗುವಿಗೆ ಇದ್ದಕ್ಕಿದ್ದಂತೆ ಕಾಯಿಲೆ ಜೋರಾಗುತ್ತದೆ. ಅದಕ್ಕೆ ದೀಕ್ಷಾಸ್ನಾನ ಆಗಿಲ್ಲವೆಂಬುದು ಆಗ ಅವಳ ಎದೆಗೆ ಬಂದು ಬಡಿಯುತ್ತದೆ. ತನ್ನ ಪಾಪಕ್ಕೆ ತಾನು ಬೇಯಬೇಕಾದರೆ ಬೇಯಲಿ ಎಂದುಕೊಂಡಿದ್ದವಳಿಗೆ ಮಗುವಿನ ವಿಷಯ ಹಾಗಲ್ಲ. ಪಾದ್ರಿಯನ್ನು ಕರೆಸಿ ಎಂದು ಕೇಳುತ್ತಾಳೆ. ಅಪ್ಪ ಜಾನ್ ಡರ್ಬಿಫೀಲ್ಡ್ ಆಗಷ್ಟೇ ಕುಡಿದು ಬಂದಿದ್ದಾನೆ. ತನ್ನದು ಹಳೆಯ ದೊಡ್ಡ ಮನೆತನ ಎಂಬ ಅಮಲು ಬೇರೆ. ಮನೆಯ ಮಾನ ಹೋಗಿರುವಾಗ ಪಾದ್ರಿ ಬಂದು ಮೂಗು ತೂರಿಸುವುದು ಬೇಡವೆಂದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸುತ್ತಾನೆ.

ರಾತ್ರಿ ಮಗುವಿನ ಉಸಿರು ಕುಗ್ಗುತ್ತದೆ. ಟೆಸ್‌ಗೆ ಕಾಣುವ ನರಕ ಪುಸ್ತಕದ ನರಕವಲ್ಲ, ಮನೆಯ ನರಕ. ಸೈತಾನನ ಕೈಯಲ್ಲಿರುವ ಮೂರು ಮೊನೆಯ ಕವೆಗೋಲು, ಅವರ ಮನೆಯಲ್ಲಿ ರೊಟ್ಟಿ ಸುಡುವ ದಿನ ಒಲೆ ಕಾಯಿಸಲು ಬಳಸುವಂಥದ್ದೇ. ಈ ಒಂದು ವಿವರಕ್ಕಾಗಿ ನಾನು ಹಾರ್ಡಿಯ ಹತ್ತು ಪುಟಗಳ ತತ್ತ್ವಜಿಜ್ಞಾಸೆಯನ್ನು ಬಿಟ್ಟುಕೊಡಬಲ್ಲೆ. ಕೊನೆಗೆ ಅವಳಿಗೆ ಒಂದು ಯೋಚನೆ ಹೊಳೆಯುತ್ತದೆ. ಮೇಣದಬತ್ತಿ ಹಚ್ಚಿ, ಅದೇ ಕೋಣೆಯಲ್ಲಿ ಮಲಗಿದ್ದ ತಮ್ಮ ತಂಗಿಯರನ್ನು ಎಬ್ಬಿಸಿ, ಮಂಡಿಯೂರಿಸಿ, ಕೈ ಮುಗಿಸಿ ನಿಲ್ಲಿಸುತ್ತಾಳೆ. ಜಗ್ಗಿನ ನೀರನ್ನು ಬೋಗುಣಿಗೆ ಸುರಿಯುತ್ತಾಳೆ. ತಂಗಿಯೊಬ್ಬಳು ಚರ್ಚಿನಲ್ಲಿ ನೋಡಿದಂತೆಯೇ ಪ್ರಾರ್ಥನಾ ಪುಸ್ತಕವನ್ನು ಬಿಡಿಸಿ ಹಿಡಿಯುತ್ತಾಳೆ. ಮಗುವಿಗೆ ಹೆಸರೇ ಇಟ್ಟಿರಲಿಲ್ಲವಲ್ಲ! ಬೈಬಲಿನ ಆದಿಕಾಂಡದ ಒಂದು ಮಾತು ನೆನಪಾಗಿ ಸಾರೋ ಎಂದು ಕರೆಯುತ್ತಾಳೆ. ದುಃಖ ಎಂದು ಅದರ ಅರ್ಥ. ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿ ನೀರು ಚಿಮುಕಿಸುತ್ತಾಳೆ. ಹಣೆಯ ಮೇಲೆ ಬೆರಳಿನಿಂದ ಶಿಲುಬೆ ಬರೆಯುತ್ತಾಳೆ. ಮಕ್ಕಳು ಆಮೆನ್ ಎನ್ನುತ್ತಾರೆ. ಬೆಳಗಿನ ಹೊತ್ತಿಗೆ ಮಗು ಇಲ್ಲ.

ಇಲ್ಲಿ ಕನ್ನಡದ ಓದುಗರಾಗಿ ನಾವು ನಮ್ಮ ಪದಗಳ ಬಗ್ಗೆ ಸ್ವಲ್ಪ ಎಚ್ಚರವಾಗಿರಬೇಕು. ಕನ್ನಡ ಬೈಬಲಿನ ಮಾತು ದೀಕ್ಷಾಸ್ನಾನ. 'ದೀಕ್ಷೆ' ಎಂದ ಕೂಡಲೇ ನಮ್ಮ ಕಿವಿಗೆ ಗುರು, ಅಧಿಕಾರ, ಪಡೆಯುವವನ ಅರ್ಹತೆ ಎಲ್ಲ ಒಟ್ಟಿಗೆ ಬರುತ್ತವೆ. ಕೊಡಲು ಹಕ್ಕುಳ್ಳವನೊಬ್ಬ ಇರಲೇಬೇಕು ಎಂಬಂತೆ. ಹಾಗೆಯೇ ಕನ್ನಡದ ಕ್ರೈಸ್ತರು ಇದರ ಫಲವನ್ನು ಸಾಮಾನ್ಯವಾಗಿ ಮೋಕ್ಷ ಎನ್ನದೆ ರಕ್ಷಣೆ ಎನ್ನುತ್ತಾರೆ. ಸರಿಯಾದ ಆಯ್ಕೆ. ಮೋಕ್ಷ ಎಂದರೆ ಬಿಡುಗಡೆ, ಅದಕ್ಕೆ ಜನ್ಮಜನ್ಮಾಂತರದ ಸಮಯವಿದೆ. ರಕ್ಷಣೆ ಎಂದರೆ ಮುಳುಗುತ್ತಿರುವವನನ್ನು ಹಿಡಿದೆತ್ತುವುದು, ಅದಕ್ಕೆ ಸಮಯವಿಲ್ಲ. ಒಂದೇ ಜನ್ಮ, ಒಂದೇ ರಾತ್ರಿ. ಟೆಸ್‌ಳ ಗಾಬರಿ ನಮಗೆ ಅರ್ಥವಾಗಬೇಕಾದರೆ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು.

ಈ ಗಾಬರಿ ಅವಳಿಗೆ ಎಲ್ಲಿಂದ ಬಂತು? ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸು ರಾತ್ರಿ ಹೊತ್ತು ಬಂದ ನಿಕೊದೇಮನಿಗೆ, ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನಿಗೆ ದೇವರ ರಾಜ್ಯದ ಪ್ರವೇಶವಿಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಮಾರ್ಕನ ಸುವಾರ್ತೆಯ ಕೊನೆಯಲ್ಲಿ ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ ಎಂದಿದೆ. ಅದರ ಮುಂದಿನ ಅರ್ಧ ಮಾತ್ರ ನಂಬದವನ ಬಗ್ಗೆಯಷ್ಟೇ ಹೇಳುತ್ತದೆ, ನೀರಿನ ಸುದ್ದಿ ಎತ್ತುವುದಿಲ್ಲ. ಲೂಕನಲ್ಲಿ ಶಿಲುಬೆಯ ಮೇಲಿನ ಕಳ್ಳ ಇದ್ದಾನೆ. ಅವನಿಗೆ ಯಾವ ಸ್ನಾನವೂ ಆಗಲಿಲ್ಲ. ಅದೇ ದಿನ ಪರದೈಸಿನ ಭರವಸೆ ಸಿಕ್ಕಿತು. ಜಗಳಕ್ಕೆ ಇಷ್ಟು ಸಾಕು.

ಐದನೆಯ ಶತಮಾನದ ಆರಂಭದಲ್ಲಿ ಪೆಲೇಜಿಯಸ್‌ನ ಪಂಥದೊಂದಿಗೆ ವಾದಕ್ಕೆ ನಿಂತ ಸಂತ ಅಗಸ್ಟೀನ್, ನೀರಿಲ್ಲದೆ ಸತ್ತ ಶಿಶುವಿಗೂ ರಕ್ಷಣೆಯಿಲ್ಲ, ಅದರ ಶಿಕ್ಷೆ ಎಲ್ಲರಿಗಿಂತ ಹಗುರವಾದದ್ದು ಅಷ್ಟೇ ಎಂದುಬಿಟ್ಟ. ಮಧ್ಯಯುಗ ಆ ಕಠೋರತೆಯನ್ನು ತಡೆಯಲಾರದೆ ನರಕದ ಅಂಚಿನಲ್ಲಿ ಲಿಂಬೋ ಎಂಬ ಜಾಗ ಮಾಡಿತು. ನೋವಿಲ್ಲ, ದೇವರ ದರ್ಶನವೂ ಇಲ್ಲ. ಥಾಮಸ್ ಅಕ್ವಿನಾಸ್ ನೀರಿನ ಸ್ನಾನದ ಜೊತೆ ರಕ್ತದ ಸ್ನಾನ (ಹುತಾತ್ಮರದು), ಬಯಕೆಯ ಸ್ನಾನ (ಬಯಸಿಯೂ ಸಿಗದವರದು) ಎಂಬ ಇನ್ನೆರಡನ್ನು ವಿವರಿಸಿದ. ಆದರೆ ಶಿಶು ಹುತಾತ್ಮನಾಗುವುದು ಅಪರೂಪ, ಬಯಸುವುದಂತೂ ಅದಕ್ಕೆ ಬಾರದು. ಹಾಗಾಗಿ ಶಿಶುವಿಗೆ ಉಳಿಯುವುದು ನೀರು ಮಾತ್ರ.

ನನಗೆ ಮುಖ್ಯವೆನಿಸುವ ಸಂಗತಿ ಇದರ ಮುಂದಿನದು. ನೀರು ಅಷ್ಟೊಂದು ಅನಿವಾರ್ಯವಾದರೆ, ಪಾದ್ರಿ ಬರುವವರೆಗೆ ಕಾಯಲಾಗುವುದಿಲ್ಲ. ಆದ್ದರಿಂದ 1439ರಲ್ಲಿ ಫ್ಲಾರೆನ್ಸ್ ಸಭೆಯ ಆಜ್ಞೆ ಸ್ಪಷ್ಟವಾಗಿ ಹೇಳಿತು: ತುರ್ತಿನಲ್ಲಿ ಪಾದ್ರಿಯಲ್ಲದವರು, ಹೆಂಗಸರು, ಅಷ್ಟೇಕೆ ಕ್ರೈಸ್ತರೇ ಅಲ್ಲದವರು ಕೂಡ ದೀಕ್ಷಾಸ್ನಾನ ಕೊಡಬಹುದು. ನೀರು, ತ್ರಯೇಕ ದೇವರ ಹೆಸರು, ಚರ್ಚು ಮಾಡುವುದನ್ನೇ ಮಾಡಬೇಕೆಂಬ ಉದ್ದೇಶ, ಇಷ್ಟಿದ್ದರೆ ಸಾಕು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಷಪ್ಪರಿಂದ ಪರವಾನಗಿ ಪಡೆದ ಸೂಲಗಿತ್ತಿಯರು ಹೆರಿಗೆ ಕೋಣೆಯಲ್ಲೇ ಇದನ್ನು ಮಾಡುತ್ತಿದ್ದರು.

ಆಮೇಲೆ ಕ್ಯಾಲ್ವಿನ್ ಬಂದ. ಅವನು ಈ ವಿಷಯದಲ್ಲಿ ಅಗಸ್ಟೀನನಿಗಿಂತ ಎಷ್ಟೋ ಮೃದು: ನಂಬಿಕೆಯುಳ್ಳವರ ಮಕ್ಕಳು ಹುಟ್ಟಿನಿಂದಲೇ ದೇವರ ಒಡಂಬಡಿಕೆಯೊಳಗಿನವರು, ನೀರು ಬೀಳುವ ಮೊದಲೇ ಸತ್ತರೂ ಭಯವಿಲ್ಲ. ಎಷ್ಟು ಸಮಾಧಾನದ ಮಾತು! ಆದರೆ ಅದೇ ಉಸಿರಿನಲ್ಲಿ ಅವನು, ಹಾಗಿದ್ದಮೇಲೆ ಹೆಂಗಸರು ದೀಕ್ಷಾಸ್ನಾನ ಕೊಡುವ ಅಗತ್ಯವೇನು, ಅದು ತಪ್ಪು ಎಂದ. 1604ರ ಹ್ಯಾಂಪ್ಟನ್ ಕೋರ್ಟ್ ಸಮ್ಮೇಳನದ ನಂತರ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದಲ್ಲಿಯೂ ಮನೆಯೊಳಗಿನ ತುರ್ತು ಸ್ನಾನಕ್ಕೆ ಅಧಿಕೃತ ಪಾದ್ರಿಯೇ ಬೇಕೆಂದು ತಿದ್ದುಪಡಿಯಾಯಿತು.

ಅಂದರೆ, ಕರುಣೆಯ ಸಿದ್ಧಾಂತ ಸೂಲಗಿತ್ತಿಯ ಕೈಯಿಂದ ನೀರನ್ನು ಕಿತ್ತುಕೊಂಡಿತು, ಕಠೋರ ಸಿದ್ಧಾಂತ ಅದನ್ನು ಅವಳ ಕೈಗೆ ಕೊಟ್ಟಿತ್ತು. ನೀರು ಎಷ್ಟು ಅನಿವಾರ್ಯವೋ ಪಾದ್ರಿ ಅಷ್ಟು ಕಡಿಮೆ ಅನಿವಾರ್ಯ. ದೇವಶಾಸ್ತ್ರದವರು ಇದನ್ನು ಹೀಗೆ ಹೇಳುವುದಿಲ್ಲ. ಆದರೆ ಟೆಸ್‌ಳ ಕೋಣೆಯಲ್ಲಿ ಅಂದು ರಾತ್ರಿ ನಡೆದದ್ದು ಇದೇ.

ಈಗ ಆ ಅಧ್ಯಾಯವನ್ನು ಮತ್ತೆ ನೋಡಿ. ಟೆಸ್ ಬಂಡಾಯಗಾರ್ತಿಯಾಗಿ ಶುರುಮಾಡುವುದಿಲ್ಲ. ಕವೆಗೋಲಿನ ಸೈತಾನನನ್ನು ಅಕ್ಷರಶಃ ನಂಬುವವಳಾಗಿ ಶುರುಮಾಡುತ್ತಾಳೆ. ಅವಳ ಸ್ವಾತಂತ್ರ್ಯ ಹುಟ್ಟುವುದು ಆ ಭಯದ ಹೊಟ್ಟೆಯಿಂದ. ಸ್ವಲ್ಪ ಕಡಿಮೆ ನಂಬಿದ್ದರೆ, ಬೆಳಗಾಗಲಿ ನೋಡೋಣ ಎಂದು ಮಲಗಿಬಿಡುತ್ತಿದ್ದಳು. ಪೂರ್ತಿ ನಂಬಿದ್ದರಿಂದಲೇ ಅವಳು ಪಾದ್ರಿಯ ಕೆಲಸಕ್ಕೆ ಕೈ ಹಾಕುತ್ತಾಳೆ. ಮೇಣದಬತ್ತಿಯ ಬೆಳಕಿನಲ್ಲಿ ಅವಳ ಮುಖ ರೂಪಾಂತರಗೊಂಡು, ಮಂಡಿಯೂರಿದ ಮಕ್ಕಳ ಕಣ್ಣಿಗೆ ಅವಳು ಅಕ್ಕನಾಗಿಯೇ ಕಾಣದೆ, ಬೇರೇನೋ ಎತ್ತರದ ವ್ಯಕ್ತಿಯಾಗಿ ಕಾಣುತ್ತಾಳೆ. ಕಾದಂಬರಿಯುದ್ದಕ್ಕೂ ಬೇರೆಯವರ ಇಚ್ಛೆಗೆ ಒಳಗಾಗುವ ಈ ಹುಡುಗಿ ಪೂರ್ಣ ಅಧಿಕಾರದಿಂದ ಮಾತಾಡುವ ಕ್ಷಣ ಇದು. ಇನ್ನೊಂದು ಕೊನೆಯಲ್ಲಿ ಬರುತ್ತದೆ, ಅದು ಕೊಲೆ.

ಮರುದಿನ ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಹಗಲ ಬೆಳಕಿನಲ್ಲಿ ರಾತ್ರಿಯ ಭಯ ಅತಿಯೆನಿಸುತ್ತದೆ. ಇಂಥ ಸಣ್ಣ ಕ್ರಮಭಂಗವನ್ನು ದೇವರು ಒಪ್ಪದೆ ಹೋದರೆ, ಅದಕ್ಕಾಗಿ ಕೈತಪ್ಪುವ ಸ್ವರ್ಗದ ಮೇಲೆ ತನಗೆ ಅಂಥ ಗೌರವವೇನೂ ಇಲ್ಲ ಎಂಬ ನಿಲುವಿಗೆ ಬರುತ್ತಾಳೆ. ಅಕ್ಕರೆಯ ಶಿಕ್ಷಕರು ತರಗತಿಯಲ್ಲಿ ಈ ಸಾಲಿಗೆ ಗೆರೆ ಎಳೆಸುತ್ತಾರೆ, ಎಳೆಸಬೇಕಾದ್ದೇ. ಆದರೆ ಇದು ರಾತ್ರಿ ಹೇಳಬಹುದಾಗಿದ್ದ ಮಾತಲ್ಲ. ಮಗುವಿಗೆ ಮಾಡಬೇಕಾದ್ದನ್ನು ಮಾಡಿ ಮುಗಿಸಿದವಳು ಮಾತ್ರ ಆಡಬಹುದಾದ ಮಾತು. ನೀರು ಚಿಮುಕಿಸದೆ ಮೊದಲೇ ಹೀಗೆಂದಿದ್ದರೆ ಅದು ಹಾರ್ಡಿಯ ಅಭಿಪ್ರಾಯವಾಗುತ್ತಿತ್ತೇ ಹೊರತು ಟೆಸ್‌ಳದಾಗುತ್ತಿರಲಿಲ್ಲ.

ಸ್ವರ್ಗದ ಚಿಂತೆ ಬಿಟ್ಟರೂ ಮಣ್ಣಿನ ಚಿಂತೆ ಬಿಡುವುದಿಲ್ಲ. ಪ್ರಾರ್ಥನಾ ಪುಸ್ತಕದ ನಿಯಮದ ಪ್ರಕಾರ ದೀಕ್ಷಾಸ್ನಾನವಾಗದವರಿಗೆ, ಬಹಿಷ್ಕೃತರಿಗೆ, ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಶವಸಂಸ್ಕಾರದ ವಿಧಿ ಇಲ್ಲ. ಆದ್ದರಿಂದ ಟೆಸ್ ಕತ್ತಲಲ್ಲಿ ಪಾದ್ರಿಯ ಮನೆಯ ಬಳಿ ಹೋಗಿ, ಒಳಗೆ ಹೋಗಲು ಧೈರ್ಯವಿಲ್ಲದೆ ನಿಂತು, ದಾರಿಯಲ್ಲಿ ಆಕಸ್ಮಿಕವಾಗಿ ಎದುರಾದ ಅವನನ್ನು ಕೇಳುತ್ತಾಳೆ: ನಾನು ಮಾಡಿದ್ದು ನೀವು ಮಾಡಿದಂತೆಯೇ ಆಗುತ್ತದೆಯೇ?

ಪಾದ್ರಿಗೆ ಮೊದಲು ಅನಿಸುವುದು, ತನ್ನನ್ನು ಕರೆಯಬೇಕಾಗಿದ್ದ ಕೆಲಸವನ್ನು ಗಿರಾಕಿಗಳೇ ಅಡ್ಡಾದಿಡ್ಡಿ ಮಾಡಿಕೊಂಡುಬಿಟ್ಟಾಗ ಒಬ್ಬ ಕಸಬುದಾರನಿಗೆ ಆಗುವ ಕಿರಿಕಿರಿ. ಇಲ್ಲ ಎನ್ನಬೇಕೆಂದಿರುತ್ತಾನೆ. ಹುಡುಗಿಯ ಗಾಂಭೀರ್ಯ, ದನಿಯಲ್ಲಿನ ಮಾರ್ದವ ಅವನನ್ನು ತಡೆಯುತ್ತವೆ. ಅವನೊಳಗಿನ ಮನುಷ್ಯನಿಗೂ ಪುರೋಹಿತನಿಗೂ ಕುಸ್ತಿ ನಡೆದು ಮನುಷ್ಯ ಗೆಲ್ಲುತ್ತಾನೆ. ಎರಡೂ ಒಂದೇ ಎಂದು ಹೇಳುತ್ತಾನೆ. ಹಾಗಾದರೆ ಕ್ರೈಸ್ತ ಸಂಸ್ಕಾರ ಮಾಡುವಿರಾ ಎಂದು ಕೇಳಿದಾಗ ಮಾತ್ರ, ಅದು ಬೇರೆ ವಿಷಯ ಎಂದು ನುಣುಚಿಕೊಳ್ಳುತ್ತಾನೆ.

ಎಲ್ಲರೂ ಮೆಚ್ಚುವ ಈ ಭಾಗದ ಬಗ್ಗೆಯೇ ನನ್ನ ತಕರಾರು. ಮನುಷ್ಯ ಮತ್ತು ಪುರೋಹಿತ ಎಂಬ ಹಾರ್ಡಿಯ ವಿಂಗಡಣೆ ತೀರಾ ಸಲೀಸು. ಪುರೋಹಿತನಾಗಿಯೇ ಅವನು ಹೌದು ಎನ್ನಬಹುದಾಗಿತ್ತು, ಎನ್ನಬೇಕಾಗಿತ್ತು. 1809ರಲ್ಲಿ ಕೆಂಪ್ ಮತ್ತು ವಿಕ್ಸ್ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯದ ನ್ಯಾಯಾಧೀಶ ಸರ್ ಜಾನ್ ನಿಕೋಲ್, ಬೇರೆ ಪಂಥದ ಬೋಧಕನಿಂದ ದೀಕ್ಷಾಸ್ನಾನವಾದ ಮಗುವನ್ನು ಹೂಳಲು ನಿರಾಕರಿಸಿದ ಪಾದ್ರಿ ತಪ್ಪಿತಸ್ಥನೆಂದು ತೀರ್ಪು ಕೊಟ್ಟಿದ್ದರು. ಪುರಾತನ ಕಾಲದಿಂದಲೂ ನೀರು ಮತ್ತು ತ್ರಯೇಕನ ಹೆಸರು ಇದ್ದರೆ ಅದು ದೀಕ್ಷಾಸ್ನಾನವೇ, ಕೊಟ್ಟವನು ಪಾದ್ರಿಯಲ್ಲದಿದ್ದರೂ ಅಸಿಂಧುವಾಗುವುದಿಲ್ಲ ಎಂಬುದು ಅದರ ತಳಹದಿ. ಎಸ್ಕಾಟ್ ಮತ್ತು ಮ್ಯಾಸ್ಟಿನ್ ಪ್ರಕರಣದಲ್ಲಿ 1842ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನೇ ಎತ್ತಿಹಿಡಿಯಿತು. 'ಟೆಸ್' ಬರುವ ಹೊತ್ತಿಗೆ ಇದಕ್ಕೆ ಅರ್ಧ ಶತಮಾನ ತುಂಬುತ್ತಿತ್ತು. ಅಂದರೆ ಪಾದ್ರಿ ಕರುಣೆಯಿಂದ ಹೇಳಿದ ಸುಳ್ಳೆಂದು ನಾವು ಓದುವ ಮಾತು ಅವನ ಚರ್ಚಿನ ಕಾನೂನಿನ ಪ್ರಕಾರವೇ ನಿಜ. ಅವನಿಗೆ ಅದು ನಿಜವೆಂದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಊರಿನ ಬಾಯಿಗೆ ಹೆದರಿದ್ದಾನೆ.

ಹಾರ್ಡಿ ಇದರ ಸುಳಿವನ್ನು ತಾನೇ ಬಿಟ್ಟಿದ್ದಾನೆ ಎಂಬುದು ಸ್ವಾರಸ್ಯ. ಪಾದ್ರಿ ಆ ರಾತ್ರಿ ಮಗುವಿನ ಕಾಯಿಲೆಯ ಸುದ್ದಿ ಕೇಳಿ ತಾನಾಗಿಯೇ ಆ ಮನೆಗೆ ಹೋಗಿದ್ದ. ಒಳಗೆ ಬಿಡದಿದ್ದುದು ಅಪ್ಪ, ಟೆಸ್ ಅಲ್ಲ ಎಂಬುದು ಅವನಿಗೆ ತಿಳಿಯದು. ಹಾಗಾಗಿ ತುರ್ತಿತ್ತು ಎಂಬ ಸಮರ್ಥನೆಯನ್ನು ಅವನು ಒಪ್ಪಲಾರ. ಒಂದೇ ವಾಕ್ಯದಲ್ಲಿ ಬಂದು ಹೋಗುವ ಈ ಸಂಗತಿ ಇಡೀ ಪ್ರಕರಣದ ಕೀಲಿ. ಅಕ್ಷರಶಃ ಕೀಲಿ, ಜಾನ್ ಡರ್ಬಿಫೀಲ್ಡನ ಜೇಬಿನಲ್ಲಿ ಬಿದ್ದಿರುವಂಥದ್ದು. ಟೆಸ್ ಒಂದು ಮಾತು ಹೇಳಿದ್ದರೆ ಸಾಕಿತ್ತು: ಅಪ್ಪ ಬೀಗ ಹಾಕಿದ್ದ. ಅವಳು ಹೇಳುವುದಿಲ್ಲ, ಅವನು ಕೇಳುವುದಿಲ್ಲ. ಮಗುವಿನ ಸಂಸ್ಕಾರ ತಪ್ಪಿದ್ದು ದೇವಶಾಸ್ತ್ರದ ಕ್ರೌರ್ಯದಿಂದಲ್ಲ, ಕುಡುಕನೊಬ್ಬನ ಮನೆತನದ ಜಂಬದಿಂದ ಮತ್ತು ಒಬ್ಬ ಸಭ್ಯ ಪಾದ್ರಿಯ ಸೋಮಾರಿತನದಿಂದ. ಚರ್ಚಿನ ವಿರುದ್ಧದ ವಿಡಂಬನೆಗೆ ಇದು ಅಷ್ಟಾಗಿ ಒದಗುವುದಿಲ್ಲ, ಕಾದಂಬರಿಗೆ ಮಾತ್ರ ತುಂಬ ಒದಗುತ್ತದೆ.

ಹಾರ್ಡಿಗೆ ಈ ವಾದಗಳು ಗೊತ್ತಿರಲಿಲ್ಲವೆನ್ನುವಂತಿಲ್ಲ. ಡಾರ್ಚೆಸ್ಟರಿನಲ್ಲಿ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕಲಿಯುತ್ತಿದ್ದಾಗ ಜೊತೆಗಾರ ಹೆನ್ರಿ ಬ್ಯಾಸ್ಟೋ ಬ್ಯಾಪ್ಟಿಸ್ಟ್ ಆದ. ಶಿಶುಗಳಿಗಲ್ಲ, ನಂಬಿ ಬಂದ ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಎನ್ನುವ ಪಂಥ. ಅವನೊಂದಿಗೆ ವಾದಿಸಲೆಂದೇ ಹಾರ್ಡಿ ಗ್ರೀಕ್ ಹೊಸ ಒಡಂಬಡಿಕೆ ಹಿಡಿದು ಕೂತಿದ್ದ. 1881ರ 'ಎ ಲಾವೊಡಿಷಿಯನ್' ಕಾದಂಬರಿಯ ಆರಂಭದಲ್ಲಿ ಪಾಲಾ ಪವರ್ ಎಂಬ ಹುಡುಗಿ ಬ್ಯಾಪ್ಟಿಸ್ಟ್ ಗುಡಿಯ ನೀರಿನ ತೊಟ್ಟಿಯ ತನಕ ಬಂದು ಇಳಿಯಲೊಲ್ಲೆ ಎನ್ನುತ್ತಾಳೆ, ನಾಯಕ ಬೋಧಕನೊಂದಿಗೆ ಶಿಶುಸ್ನಾನದ ಪರ ವಾದ ಹೂಡುತ್ತಾನೆ. ಅಲ್ಲಿ ಅದು ಬುದ್ಧಿವಂತರ ಚರ್ಚೆ, ಓದಿ ಮರೆಯಬಹುದು. ಹತ್ತು ವರ್ಷದ ನಂತರ ಅದೇ ವಿಷಯ ಬೋಗುಣಿ, ಮೇಣದಬತ್ತಿ, ನಿದ್ದೆಗಣ್ಣಿನ ಮಕ್ಕಳ ನಡುವೆ ಬಂದಾಗ ಮರೆಯಲಾಗುವುದಿಲ್ಲ. ಇನ್ನೊಂದು ಸಂಗತಿ: 1840ರಲ್ಲಿ ಹಾರ್ಡಿ ಹುಟ್ಟಿದಾಗ ಸತ್ತಿದೆ ಎಂದು ಪಕ್ಕಕ್ಕಿಟ್ಟಿದ್ದರಂತೆ. ಆರೈಕೆಗೆ ಬಂದಿದ್ದ ಹೆಂಗಸು ಉಸಿರಿರುವುದನ್ನು ಗಮನಿಸಿ ಉಳಿಸಿದಳು. ಇದರಿಂದ ಏನನ್ನೂ ಸಾಧಿಸಲು ಹೊರಡುವುದು ಬೇಡ. ಆದರೆ ಓದುವಾಗ ನನಗದು ನೆನಪಾಗುತ್ತದೆ.

ಹಾರ್ಡಿ ನಂಬಿಕೆ ಕಳೆದುಕೊಂಡವನು. ನಂಬುವ ಲೇಖಕ ಇದೇ ಪ್ರಶ್ನೆಯನ್ನು ಎತ್ತಿಕೊಂಡರೆ ಏನಾಗುತ್ತದೆ? ಡಾಂಟೆಯನ್ನು ನೋಡಬೇಕು. 'ಡಿವೈನ್ ಕಾಮೆಡಿ'ಯ ನರಕದ ನಾಲ್ಕನೆಯ ಸರ್ಗದಲ್ಲಿ ಲಿಂಬೋ ಬರುತ್ತದೆ. ಅಲ್ಲಿ ಹೋಮರ್ ಇದ್ದಾನೆ, ಹೊರೇಸ್ ಇದ್ದಾನೆ. ದಾರಿ ತೋರಿಸುತ್ತಿರುವ ಗುರು ವರ್ಜಿಲನೂ ಆ ಊರಿನವನೇ. ಶಿಶುಗಳೂ ಇವೆ, ಒಂದಕ್ಕೂ ಹೆಸರಿಲ್ಲ, ಗುಂಪಿನಲ್ಲಿ ಗುಂಪಾಗಿ. ಅಳು ಇಲ್ಲ, ನಿಟ್ಟುಸಿರು ಮಾತ್ರ. ಸ್ವರ್ಗಕಾಂಡದ ಮೂವತ್ತೆರಡನೆಯ ಸರ್ಗದಲ್ಲೂ ಈ ನಿಯಮ ಸಡಿಲವಾಗುವುದಿಲ್ಲ: ಕ್ರಿಸ್ತನ ನಂತರ ಹುಟ್ಟಿ ನೀರು ಬೀಳದೆ ಸತ್ತ ಮುಗ್ಧತೆ ಕೆಳಗೇ ಉಳಿಯಬೇಕು.

ಆದರೆ ಡಾಂಟೆಗೆ ಇದು ಜೀರ್ಣವಾಗಲಿಲ್ಲ ಎಂಬುದಕ್ಕೆ ಸಾಕ್ಷಿ ಸ್ವರ್ಗಕಾಂಡದ ಹತ್ತೊಂಬತ್ತನೆಯ ಸರ್ಗ. ಅಲ್ಲಿ ಅವನ ಮನಸ್ಸಿನಲ್ಲಿ ಕುದಿಯುತ್ತಿರುವ ಉದಾಹರಣೆ ನಮ್ಮ ಕಡೆಯದು. ಸಿಂಧೂ ನದಿಯ ದಂಡೆಯಲ್ಲಿ ಒಬ್ಬ ಹುಟ್ಟುತ್ತಾನೆ. ಅಲ್ಲಿ ಕ್ರಿಸ್ತನ ಹೆಸರು ಹೇಳುವವರಿಲ್ಲ, ಬರೆಯುವವರಿಲ್ಲ. ಅವನ ಬದುಕಿನಲ್ಲಿ ದೋಷವಿಲ್ಲ. ದೀಕ್ಷಾಸ್ನಾನವಿಲ್ಲದೆ ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಎಂಥದು? ಕೇಳಿದ್ದಕ್ಕೆ ನ್ಯಾಯದ ಗರುಡ, ಸಾವಿರ ಮೈಲಿ ದೂರದ್ದನ್ನು ಗೇಣುದ್ದದ ದೃಷ್ಟಿಯಿಂದ ಅಳೆಯಲು ನೀನು ಯಾರು ಎಂದು ಗದರಿಸುತ್ತದೆ. ಇದು ಉತ್ತರವಲ್ಲ, ಬಾಯಿ ಮುಚ್ಚಿಸುವುದು. ಸಿಂಧೂ ದಂಡೆಯವನು ಎಲ್ಲಿಗೆ ಹೋದ ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಭಾರತದ ಓದುಗರು ಇಲ್ಲಿ ಸ್ವಲ್ಪ ಹೊತ್ತು ಪುಸ್ತಕ ಮಡಿಸಿಟ್ಟರೆ ತಪ್ಪೇನಿಲ್ಲ.

ಆಶ್ಚರ್ಯ ಮುಂದಿನ ಸರ್ಗದಲ್ಲಿದೆ. ಗರುಡನ ಕಣ್ಣಿನ ಸುತ್ತ ಹೊಳೆಯುವ ಪುಣ್ಯಾತ್ಮರಲ್ಲಿ ರಿಫಿಯಸ್ ಎಂಬ ಟ್ರಾಯ್ ನಗರದ ಯೋಧ ಇದ್ದಾನೆ. ವರ್ಜಿಲನ 'ಈನಿಯಡ್'ನಲ್ಲಿ ಕೆಲವೇ ಸಾಲಲ್ಲಿ ಬಂದು ಸಾಯುವವನು. ಕ್ರಿಸ್ತನಿಗಿಂತ ಸಾವಿರ ವರ್ಷ ಹಿಂದಿನವನು. ಅವನಿಗೆ ಹೇಗೆ ಸ್ವರ್ಗ? ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂವರು ಹೆಂಗಸರೇ ಅವನಿಗೆ ದೀಕ್ಷಾಸ್ನಾನವಾಗಿ ನಿಂತರು ಎನ್ನುತ್ತದೆ ಕಾವ್ಯ. ಡಾಂಟೆ ನಿಯಮವನ್ನು ಮುರಿಯಲಿಲ್ಲ, ಸ್ನಾನ ಬೇಕೇ ಬೇಕು. ಆದರೆ ನೀರಿಲ್ಲ, ಪಾದ್ರಿಯಿಲ್ಲ. ಇಲ್ಲಿಯೂ ಅದನ್ನು ಕೊಡುವ ಕೈಗಳು ಹೆಂಗಸರವು! ಇನ್ನೂ ಕಟುವಾದ ಸಂಗತಿ ಎಂದರೆ, ರಿಫಿಯಸ್‌ನನ್ನು ಕಾವ್ಯದಲ್ಲಿ ಸೃಷ್ಟಿಸಿದ ವರ್ಜಿಲ್ ಮಾತ್ರ ಲಿಂಬೋದಲ್ಲೇ ಉಳಿಯುತ್ತಾನೆ. ಶುದ್ಧಿಲೋಕದಲ್ಲಿ ಸಿಗುವ ಕವಿ ಸ್ಟೇಷಿಯಸ್ ವರ್ಜಿಲನನ್ನು ಓದಿಯೇ ತಾನು ಗುಟ್ಟಾಗಿ ಕ್ರೈಸ್ತನಾದೆ ಎನ್ನುತ್ತಾನೆ. ಪಾತ್ರ ಪಾರಾಯಿತು, ಓದುಗ ಪಾರಾದ, ಕವಿ ಪಾರಾಗಲಿಲ್ಲ. ಹಾರ್ಡಿಯ ಪಾದ್ರಿಯಂತೆ ಡಾಂಟೆಯೂ ಕರಗಿ, ಎಲ್ಲ ಒಂದೇ ಎಂದುಬಿಟ್ಟಿದ್ದರೆ ವರ್ಜಿಲ್ ಕಣ್ಮರೆಯಾಗುವ ಗಳಿಗೆಯಲ್ಲಿ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಈ ತರ್ಕ ಅಪಾಯಕಾರಿಯೂ ಹೌದು. ಅಮೆರಿಕದ ಜಾರ್ಜಿಯಾದ ಕೆಥೋಲಿಕ್ ಲೇಖಕಿ ಫ್ಲಾನರಿ ಓ'ಕಾನರ್ 1953ರಲ್ಲಿ ಪ್ರಕಟಿಸಿದ 'ದಿ ರಿವರ್' ಕಥೆಯಲ್ಲಿ ಅದು ಕಾಣುತ್ತದೆ. ನಾಲ್ಕೈದು ವರ್ಷದ ಹ್ಯಾರಿ, ಪಾರ್ಟಿಗಳಲ್ಲಿ ಮುಳುಗಿದ ಅಪ್ಪ ಅಮ್ಮನಿಗೆ ಬೇಡವಾದ ಹುಡುಗ. ನೋಡಿಕೊಳ್ಳುವ ಹೆಂಗಸು ಅವನನ್ನು ನದಿಯಲ್ಲಿ ದೀಕ್ಷಾಸ್ನಾನ ನಡೆಯುವಲ್ಲಿಗೆ ಕರೆದೊಯ್ಯುತ್ತಾಳೆ. ದಾರಿಯಲ್ಲಿ ಬೋಧಕನ ಹೆಸರು ಬೆವೆಲ್ ಎಂದು ಕೇಳಿ, ತನ್ನ ಹೆಸರೂ ಅದೇ ಎನ್ನುತ್ತಾನೆ ಹುಡುಗ. ಬೋಧಕ ಅವನನ್ನು ನೀರಲ್ಲಿ ಅದ್ದಿ, ಇನ್ನುಮೇಲೆ ನೀನು ಲೆಕ್ಕಕ್ಕುಂಟು ಎಂಬ ಭರವಸೆ ಕೊಡುತ್ತಾನೆ. ಈವರೆಗೆ ಯಾರ ಲೆಕ್ಕಕ್ಕೂ ಇಲ್ಲದಿದ್ದ ಮಗು ಅದನ್ನು ಅಕ್ಷರಶಃ ನಂಬುತ್ತದೆ. ಮರುದಿನ ಒಬ್ಬನೇ ನದಿಗೆ ಹೋಗುತ್ತಾನೆ. ಇನ್ನು ಬೋಧಕರ ಗೊಡವೆ ಬೇಡ, ತಾನೇ ಸ್ನಾನ ಮಾಡಿಕೊಂಡು ನೀರೊಳಗಿನ ಕ್ರಿಸ್ತನ ರಾಜ್ಯ ಸಿಗುವವರೆಗೆ ಹೋಗುತ್ತಿರುವುದು ಎಂದು ನಿರ್ಧರಿಸಿ ಇಳಿಯುತ್ತಾನೆ. ಪ್ರವಾಹ ಎಳೆದೊಯ್ಯುತ್ತದೆ. ಹಿಂದೆ ಈಜಿ ಹೋದ ಮುದುಕ ಬರಿಗೈಯಲ್ಲಿ ಏಳುತ್ತಾನೆ.

ಪಾದ್ರಿಯನ್ನು ಬಿಟ್ಟುಬಿಡುವ ಟೆಸ್‌ಳ ತರ್ಕವೇ ಇದು. ಕೊನೆ ಮಾತ್ರ ಬೇರೆ. ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಟೆಸ್‌ಳ ಮಗುವಿಗೆ ನೀರು ಹಾಕಿದ್ದು ಇನ್ನೊಬ್ಬರ ಕೈ, ಸುತ್ತ ಆಮೆನ್ ಎನ್ನುವವರಿದ್ದರು. ಬೆವೆಲ್ ಆದ ಹ್ಯಾರಿಗೆ ಯಾರೂ ಇಲ್ಲ. 1206ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಎದುರು ಇಂಥದೇ ಪ್ರಶ್ನೆ ಬಂದಿತ್ತು. ಸುತ್ತ ಯೆಹೂದ್ಯರೇ ಇದ್ದು, ಸಾವು ಹತ್ತಿರ ಬಂದಾಗ ಒಬ್ಬ ಯೆಹೂದ್ಯ ತಾನೇ ನೀರಿಗಿಳಿದು ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಂಡ. ಅದು ನಡೆಯುತ್ತದೆಯೇ? ಪೋಪರ ಉತ್ತರ: ಇಲ್ಲ, ಕೊಡುವವನೂ ಪಡೆಯುವವನೂ ಬೇರೆಯಾಗಿರಬೇಕು. ಆದರೆ ಅವನು ಆಗಲೇ ಸತ್ತಿದ್ದರೆ, ಸಂಸ್ಕಾರದ ಬಲದಿಂದಲ್ಲದೆ ಅದರಲ್ಲಿಟ್ಟ ನಂಬಿಕೆಯ ಬಲದಿಂದ ನೇರ ಸ್ವರ್ಗಕ್ಕೆ ಹೋಗುತ್ತಿದ್ದ. ಈ ಉತ್ತರವನ್ನು ಓದಿದ ಮೇಲೆ ಓ'ಕಾನರ್ ಕಥೆಯ ಕೊನೆ ನನಗೆ ಸ್ವಲ್ಪ ಬೇರೆಯಾಗಿ ಕಾಣತೊಡಗಿತು. ಆದರೂ ಆ ಕಥೆಯೊಂದಿಗೆ ರಾಜಿಯಾಗಲು ನನಗೆ ಆಗಿಲ್ಲ. ಒಬ್ಬರಾದರೂ ದಂಡೆಯಲ್ಲಿ ನಿಂತಿರಬೇಕಿತ್ತು ಅನಿಸುತ್ತದೆ. ಲೇಖಕಿ ಬೇಕೆಂದೇ ಯಾರನ್ನೂ ನಿಲ್ಲಿಸಿಲ್ಲ.

ಕೆಥೋಲಿಕ್ ಚರ್ಚಿನ ಅಂತಾರಾಷ್ಟ್ರೀಯ ದೇವಶಾಸ್ತ್ರ ಆಯೋಗ 2007ರಲ್ಲಿ, ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೂ ರಕ್ಷಣೆಯುಂಟೆಂದು ಆಶಿಸಲು ಬಲವಾದ ಆಧಾರಗಳಿವೆ ಎಂಬ ದಾಖಲೆ ಪ್ರಕಟಿಸಿತು. ಆಶೆ ಎಂದಿತೇ ಹೊರತು ಖಚಿತ ಎನ್ನಲಿಲ್ಲ. ಲಿಂಬೋ ಹಿನ್ನೆಲೆಗೆ ಸರಿಯಿತು. ಅಷ್ಟು ಹೊತ್ತಿಗೆ ಡಾಂಟೆಯ ಹೆಸರಿಲ್ಲದ ಶಿಶುಗಳು ಏಳುನೂರು ವರ್ಷದಿಂದ ಅಲ್ಲಿ ನಿಟ್ಟುಸಿರು ಬಿಡುತ್ತಿದ್ದವು.

ಸಾರೋನನ್ನು ಒಂದು ಸಣ್ಣ ಮರದ ಪೆಟ್ಟಿಗೆಯಲ್ಲಿ, ಮುದುಕಿಯ ಶಾಲು ಹೊದಿಸಿ, ರಾತ್ರಿ ಲಾಂದ್ರದ ಬೆಳಕಿನಲ್ಲಿ ಚರ್ಚಿನ ಹಿತ್ತಲಿಗೆ ಒಯ್ಯುತ್ತಾರೆ. ಹೂಳುವವನಿಗೆ ಒಂದು ಶಿಲ್ಲಿಂಗ್, ಒಂದು ಪೈಂಟ್ ಬಿಯರ್. ಸಿಕ್ಕ ಜಾಗ ತುರಿಕೆ ಗಿಡ ಬೆಳೆದ ಮೂಲೆ. ನೀರು ಬೀಳದ ಶಿಶುಗಳು, ಹೆಸರಾಂತ ಕುಡುಕರು, ಆತ್ಮಹತ್ಯೆ ಮಾಡಿಕೊಂಡವರು ಮಲಗಿರುವಲ್ಲಿ. ಮಗುವಿನ ಅಜ್ಜನಿಗೆ ಮುಂದೊಂದು ದಿನ ಸಲ್ಲಬಹುದಾದ ಜಾಗವನ್ನು ಮೊಮ್ಮಗು ಮೊದಲೇ ಹಿಡಿಯಿತು ಎಂದು ಹಾರ್ಡಿ ಬರೆದಿಲ್ಲ, ನಾನು ಯೋಚಿಸುತ್ತೇನೆ. ಟೆಸ್ ಎರಡು ಪಟ್ಟಿಕಡ್ಡಿಗಳನ್ನು ದಾರದಿಂದ ಕಟ್ಟಿ ಶಿಲುಬೆ ಮಾಡಿ, ಹೂ ಸುತ್ತಿ, ಯಾರೂ ನೋಡದ ಒಂದು ಸಂಜೆ ತಲೆಯ ಕಡೆ ನೆಡುತ್ತಾಳೆ. ಕಾಲ ಕಡೆಗೆ ನೀರು ತುಂಬಿದ ಒಂದು ಜಾಡಿಯಲ್ಲಿ ಅದೇ ಹೂಗಳ ಗೊಂಚಲು. ಜಾಡಿಯ ಮೇಲೆ ಮಾರ್ಮಲೇಡ್ ಕಂಪನಿಯೊಂದರ ಹೆಸರು ಅಚ್ಚಾಗಿದೆ. ಅದು ತಾಯಿಯ ಕಣ್ಣಿಗೆ ಕಾಣಿಸಲಿಲ್ಲ.